ಆತ್ಮಕಥನಕ್ಕೆ ಊರಿನ ಚರಿತ್ರೆಯ ಆಧಾರ
(ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಕುರಿತು)

ಇಳಿವಯಸ್ಸಿನಲ್ಲಿ ತಮ್ಮ ಬಾಳಿನ ಕಥೆಯನ್ನು ಬರೆದಿಡಬೇಕೆಂದು ಹೊರಡುವವರು ಮೊದಲ ಹತ್ತು ಪುಟಗಳನ್ನು ಸುಲಭವಾಗಿಯೇ ಬರೆಯುತ್ತಾರೆ. ಹುಟ್ಟಿದ ಮನೆ, ಜಗಲಿ, ಅಜ್ಜಿಯ ಮಾತು, ಊರ ತೇರು, ಓದಿದ ಕೂಲಿಮಠ, ಇವು ತಾವಾಗಿಯೇ ನೆನಪಿಗೆ ಬರುತ್ತವೆ. ಹನ್ನೊಂದನೆಯ ಪುಟದಲ್ಲಿ ಲೇಖನಿ ನಿಲ್ಲುತ್ತದೆ. ಮುತ್ತಜ್ಜ ಈ ಊರಿಗೆ ಬಂದು ನೆಲಸಿದ್ದು ಯಾವಾಗ, ಏಕೆ? ಮನೆಗೆ ಇಷ್ಟು ಹೊಲ ಸೇರಿದ್ದು ಹೇಗೆ, ಆಮೇಲೆ ಹೋದದ್ದು ಹೇಗೆ? ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತಲ್ಲ, ಅದು ಯಾವ ವರ್ಷ? ಇವುಗಳಿಗೆ ಉತ್ತರ ನೆನಪಿನಲ್ಲಿ ದೊರೆಯುವುದಿಲ್ಲ. ಕೆಲವರು ಈ ಪ್ರಶ್ನೆಗಳನ್ನು ದಾಟಿ ಮುಂದೆ ಹೋಗುತ್ತಾರೆ. ಕೆಲವರು ಪಠ್ಯಪುಸ್ತಕದ ಚರಿತ್ರೆಯನ್ನು ನಾಲ್ಕು ಪುಟ ತಂದು ನಡುವೆ ಸೇರಿಸುತ್ತಾರೆ. ಎರಡೂ ಸರಿಯಾದ ದಾರಿಯಲ್ಲ. ಚಾರಿತ್ರಿಕ ಹಿನ್ನೆಲೆಯೆಂಬುದು ಆತ್ಮಕಥನಕ್ಕೆ ಹೊರಗಿನಿಂದ ತೊಡಿಸುವ ಆಭರಣವಲ್ಲ; ಮನೆಯ ನೆನಪು ಯಾವುದನ್ನು ಉಳಿಸಿಕೊಂಡಿದೆ, ಯಾವುದನ್ನು ಬಿಟ್ಟಿದೆ ಎಂಬುದನ್ನು ತೋರಿಸಿಕೊಡುವ ಒರೆಗಲ್ಲು.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಇಂತಹ ಪರಿಶೀಲನೆಗೆ ವಿಶೇಷವಾಗಿ ಅನುಕೂಲವಾದದ್ದು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಇದು ಇದೆ. ತರೀಕೆರೆಯ ಪಶ್ಚಿಮಕ್ಕೆ ಕಾಡು, ಅಡಿಕೆ. ಅಜ್ಜಂಪುರದ ಕಡೆ ಎರೆಹೊಲ. ಕಡೂರಿನ ಪೂರ್ವಕ್ಕೆ ಮಳೆಯನ್ನು ಕಾದು ಕೂರುವ ರಾಗಿಯ ಹೊಲ ಮತ್ತು ತೆಂಗು. ಮೂವತ್ತು ನಲವತ್ತು ಮೈಲಿಯ ಅಂತರದಲ್ಲಿ ಮೂರು ಬಗೆಯ ಬಾಳು. ಒಂದು ತಾಲ್ಲೂಕಿನವರ ಸುಭಿಕ್ಷದ ವರ್ಷ ಇನ್ನೊಂದು ತಾಲ್ಲೂಕಿನವರಿಗೆ ಕ್ಷಾಮದ ವರ್ಷವಾಗಿದ್ದಿರಬಹುದು. ಆದಕಾರಣ "ಆ ಕಾಲದಲ್ಲಿ ನಮ್ಮ ಕಡೆ ಮಳೆಬೆಳೆ ಚೆನ್ನಾಗಿತ್ತು" ಎಂದು ಬರೆಯುವವರು "ನಮ್ಮ ಕಡೆ" ಎಂದರೆ ಯಾವ ಕಡೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ಕಾಲನಿರ್ಣಯದ ತೊಡಕನ್ನು ಮೊದಲು ಬಿಡಿಸಿಕೊಳ್ಳಬೇಕು. ಹಳ್ಳಿಯ ಹಿರಿಯರು ಇಸವಿಯನ್ನು ಹೇಳುವುದಿಲ್ಲ, ಸಂವತ್ಸರವನ್ನು ಹೇಳುತ್ತಾರೆ. "ಧಾತು ಈಶ್ವರದ ಬರದಲ್ಲಿ ಅಜ್ಜ ಬಂದದ್ದು", "ಕಾಳಯುಕ್ತಿಯ ಜ್ವರದಲ್ಲಿ ಮನೆಯ ಮೂವರು ಹೋದರು" ಎಂಬಂತಹ ಮಾತುಗಳು ಬಹು ಬೆಲೆಯುಳ್ಳವು. ಆದರೆ ಸಂವತ್ಸರಚಕ್ರ ಅರವತ್ತು ವರ್ಷಗಳದು, ಒಂದೇ ಹೆಸರು ಮತ್ತೆ ಬರುತ್ತದೆ. ಧಾತು ಸಂವತ್ಸರ 1876-77ರಲ್ಲಿ ಬಂದಿತು, 1936-37ರಲ್ಲಿ ಬಂದಿತು, 1996-97ರಲ್ಲಿಯೂ ಬಂದಿತು. ಮೈಸೂರು ಸಂಸ್ಥಾನವನ್ನು ಹಾಳುಗೆಡವಿದ ಮಹಾಕ್ಷಾಮ ಮೊದಲನೆಯದರಲ್ಲಿ ತೊಡಗಿ, ಮರುವರ್ಷದ ಈಶ್ವರ ಸಂವತ್ಸರದಲ್ಲಿ ಅತ್ಯಂತ ಘೋರವಾಯಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಧಾತು ಈಶ್ವರ ಎಂಬ ಎರಡು ಹೆಸರುಗಳು ಜನರ ನಾಲಗೆಯ ಮೇಲೆ ಜೋಡಿಯಾಗಿಯೇ ಉಳಿದುಬಂದುದಕ್ಕೆ ಇದೇ ಕಾರಣ. ಕಾಳಯುಕ್ತಿ 1918-19ರದು, ಆ ಜ್ವರ ಜಗತ್ತನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ. ಪ್ಲೇಗಿನ ವಿಷಯ ಮಾತ್ರ ಇಷ್ಟು ಸರಳವಲ್ಲ. ಅದು ಸಂಸ್ಥಾನವನ್ನು ಪ್ರವೇಶಿಸಿದ್ದು 1898ರಲ್ಲಿ, ಅಂದರೆ ವಿಳಂಬಿ ಸಂವತ್ಸರದಲ್ಲಿ. ಆದರೆ ಅನಂತರ ಹಲವು ದಶಕಗಳ ಕಾಲ ಬಿಟ್ಟು ಬಿಟ್ಟು ಮರುಕಳಿಸಿತು. "ಪ್ಲೇಗಿನ ವರ್ಷ ಊರು ಬಿಟ್ಟೆವು" ಎಂಬ ಮಾತಿನಿಂದ ಒಂದು ಇಸವಿಯನ್ನು ಹೊರಡಿಸಲು ಸಾಧ್ಯವಿಲ್ಲ.

ಇಂತಹ ಸಂದೇಹವನ್ನು ನಿವಾರಿಸಲು ಶಾಸನಸಂಶೋಧಕರು ಅನುಸರಿಸುವ ಕ್ರಮವೇ ಮನೆಯ ಚರಿತ್ರೆಗೂ ಸಾಕು. ಹಳೆಯ ಜಾತಕದಲ್ಲಿಯೋ ಪತ್ರದಲ್ಲಿಯೋ ಸಂವತ್ಸರದ ಜೊತೆಗೆ ಮಾಸ, ಪಕ್ಷ, ತಿಥಿ, ವಾರಗಳು ಇದ್ದೇ ಇರುತ್ತವೆ. ಆ ತಿಥಿಗೂ ಆ ವಾರಕ್ಕೂ ಹೊಂದಿಕೆ ಯಾವ ಸುತ್ತಿನಲ್ಲಿ ಕೂಡಿಬರುತ್ತದೆ ಎಂದು ಪಂಚಾಂಗದ ಗಣಿತದಿಂದ ನೋಡಿದರೆ ಇಸವಿ ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ಶಾಲೆಯ ದಾಖಲೆಯಲ್ಲಿರುವ ಜನ್ಮದಿನಾಂಕವನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು. ಹೆತ್ತವರಿಗೆ ದಿನಾಂಕ ತಿಳಿಯದಿದ್ದಾಗ ಮಗುವಿನ ಎತ್ತರವನ್ನು ನೋಡಿ, ಶಾಲೆ ತೆರೆಯುವ ತಿಂಗಳಿಗೆ ಹೊಂದುವಂತೆ ಒಂದು ದಿನಾಂಕವನ್ನು ಬರೆದುಕೊಳ್ಳುವುದು ಉಪಾಧ್ಯಾಯರ ರೂಢಿಯಾಗಿತ್ತು. ಒಂದು ತರಗತಿಯ ಅರ್ಧದಷ್ಟು ಮಕ್ಕಳು ಒಂದೇ ತಿಂಗಳಿನಲ್ಲಿ ಹುಟ್ಟಿದಂತೆ ಕಾಣುವುದು ಹೀಗೆ. ಅದೇ ಪುಸ್ತಕದ ಉಳಿದ ಅಂಕಣಗಳು ಹೆಚ್ಚು ವಿಶ್ವಾಸಾರ್ಹವಾದವು: ತಂದೆಯ ಕಸುಬು, ಜಾತಿ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ತನ್ನ ಹೆಸರನ್ನಷ್ಟೇ ಹುಡುಕಿ ಪುಸ್ತಕ ಮುಚ್ಚುವವರಿಗಿಂತ, ಆ ಪುಟದಲ್ಲಿ ಊರಿನ ಯಾವ ಕೇರಿಯ ಮಕ್ಕಳ ಹೆಸರುಗಳಿಲ್ಲ ಎಂದು ನೋಡುವವರಿಗೆ ಹೆಚ್ಚು ತಿಳಿಯುತ್ತದೆ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಸರ್ಕಾರಿ ಶಾಲೆಗಳಲ್ಲಿ ಪ್ರವೇಶವುಂಟೆಂದು ಸಂಸ್ಥಾನದ ಸರ್ಕಾರ 1915ರಲ್ಲಿಯೇ ಆಜ್ಞೆ ಮಾಡಿತ್ತು. ಆಜ್ಞೆಯಿಂದ ಊರ ಶಾಲೆಯ ಪುಸ್ತಕದೊಳಗೆ ಮೊದಲ ಹೆಸರು ಬರುವವರೆಗೆ ಎಷ್ಟು ವರ್ಷ ಕಳೆಯಿತು ಎಂಬ ಲೆಕ್ಕ ಆಯಾ ಊರಿನ ಸಾಮಾಜಿಕ ಚರಿತ್ರೆಯೇ ಸರಿ. ಮೈಸೂರು ಸೀಮೆಯ ಪ್ರಾಥಮಿಕ ಶಾಲೆಗಳ ಒಳಬಾಳನ್ನು ತಿಳಿಯಲು "ವಚನಧರ್ಮಸಾರ"ದ ಕರ್ತೃಗಳಾದ ಎಂ. ಆರ್. ಶ್ರೀನಿವಾಸಮೂರ್ತಿಯವರ "ರಂಗಣ್ಣನ ಕನಸಿನ ದಿನಗಳು" ಕೃತಿಯನ್ನೂ ಓದಬಹುದು. ಅದು ಕಾದಂಬರಿಯೆಂಬುದನ್ನು ಮಾತ್ರ ಮರೆಯಬಾರದು.

ಸ್ಥಳನಾಮಗಳಲ್ಲಿಯೂ ಮೋಸಹೋಗುವ ಸಂದರ್ಭಗಳಿವೆ. ಹಳೆಯ ಕಾಗದದಲ್ಲಿ "ಕಡೂರು" ಎಂದಿದ್ದರೆ ಅದು ಕಡೂರು ಪಟ್ಟಣವೇ ಆಗಬೇಕಾಗಿಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರು. ಜಿಲ್ಲೆಯ ಕೇಂದ್ರಸ್ಥಾನ 1865ರಲ್ಲಿಯೇ ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ ಎಂಬತ್ತು ವರ್ಷ ಉಳಿದುಕೊಂಡಿತು. ಕುವೆಂಪು ಅವರು 1904ರಲ್ಲಿ ಜನಿಸಿದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಆಗ ಕಡೂರು ಜಿಲ್ಲೆಗೆ ಸೇರಿದ ಊರು. ಶಾಸನಗಳನ್ನು ನೋಡಬಯಸುವವರಿಗೂ ಇದು ತಿಳಿದಿರಬೇಕು. 1901ರಲ್ಲಿ ಪ್ರಕಟವಾದ "ಎಪಿಗ್ರಾಫಿಯ ಕರ್ನಾಟಿಕ"ದ ಆರನೆಯ ಸಂಪುಟ ಕಡೂರು ಜಿಲ್ಲೆಯದು. ಶೃಂಗೇರಿಯ ಶಾಸನವೂ ಅದರಲ್ಲಿಯೇ, ತರೀಕೆರೆಯದೂ ಅದರಲ್ಲಿಯೇ. ಅಜ್ಜಂಪುರದವರ ತೊಡಕು ಇನ್ನೊಂದು ಬಗೆಯದು. ಅದು ತಾಲ್ಲೂಕಾಗಿ ಬೇರ್ಪಟ್ಟದ್ದು ತೀರ ಈಚೆಗೆ, 2018ರಲ್ಲಿ. ಅದಕ್ಕೆ ಹಿಂದಿನ ಕಾಗದಪತ್ರಗಳನ್ನು ತರೀಕೆರೆ ತಾಲ್ಲೂಕಿನ ಹೆಸರಿನಲ್ಲಿಯೇ ಹುಡುಕಬೇಕು. ನರಸಿಂಹರಾಜಪುರ ಹಿಂದೆ ಎಡೇಹಳ್ಳಿ. ತರೀಕೆರೆಯಿಂದ ಅಲ್ಲಿಗೆ ಕಾಡಿನ ನಡುವೆ ಕಿರುಹಳಿಯ ಮೇಲೆ ಓಡುತ್ತಿದ್ದ ಪುಟ್ಟ ರೈಲು ಈಗ ಹಿರಿಯರ ಮಾತಿನಲ್ಲಿ ಮಾತ್ರ ಇದೆ.

ರೈಲಿನ ಮಾತು ಬಂದುದರಿಂದ ಒಂದು ಸಂಗತಿ. ಮನೆಯ ಐತಿಹ್ಯವನ್ನು ಒರೆಗೆ ಹಚ್ಚಲು ರೈಲು ಬಹಳ ಉಪಯುಕ್ತ. ಧಾತು ಈಶ್ವರದ ಬರದಲ್ಲಿ ಅಜ್ಜಂಪುರಕ್ಕೆ ರೈಲಿನಲ್ಲಿ ಅಕ್ಕಿ ಬಂದಿತೆಂದು ಯಾರಾದರೂ ಹೇಳಿದರೆ ಅದು ನಡೆದಿರಲಾರದು. ಮದರಾಸಿನ ಹಳಿ ಬೆಂಗಳೂರನ್ನು ಮುಟ್ಟಿದ್ದು 1864ರಲ್ಲಿ. ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹರಿಹರಕ್ಕೆ ಹೋಗುವ ದಾರಿ ಕ್ಷಾಮ ಕಳೆದು ಹತ್ತು ವರ್ಷಗಳಾದ ಮೇಲಿನದು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುವುದು 1899ರದು. ಕ್ಷಾಮದಲ್ಲಿ ಧಾನ್ಯ ಬೆಂಗಳೂರಿನಿಂದ ಒಳನಾಡಿಗೆ ಬರಬೇಕಾದರೆ ಎತ್ತಿನ ಗಾಡಿಯೇ ಗತಿ, ಎತ್ತುಗಳಿಗೆ ಮೇವಿಲ್ಲ. ಸಾವಿನ ಸಂಖ್ಯೆ ಏರಿದ್ದಕ್ಕೆ ಇದೂ ಒಂದು ಕಾರಣ. ಆದರೆ "ಬರದಲ್ಲಿ ಅಜ್ಜ ರೈಲಿನ ಮಣ್ಣು ಹೊತ್ತ" ಎಂಬ ಮಾತನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯ ಕೆಲಸ ಕ್ಷಾಮಪರಿಹಾರದ ಕಾಮಗಾರಿಯಾಗಿಯೇ ತೊಡಗಿತು. ಅಜ್ಜ ಅಷ್ಟು ದೂರ ನಡೆದುಹೋಗಿದ್ದಿರಬಹುದು. ಹಾಗಾದರೆ ಕಥೆ ಸುಳ್ಳಾಗುವುದಿಲ್ಲ, ಇನ್ನಷ್ಟು ಕಠೋರವಾಗುತ್ತದೆ.

ಇಲ್ಲಿಯವರೆಗಿನದು ಲೆಕ್ಕದ ಕೆಲಸ. ನಿಜವಾದ ಪರೀಕ್ಷೆ ಮನೆತನದ ಕೀರ್ತಿಗೂ ಮನೆಯ ಪೆಟ್ಟಿಗೆಗೂ ವಿರೋಧ ಬಂದಾಗ ಎದುರಾಗುತ್ತದೆ. ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಅಜ್ಜಂಪುರದ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ತಮ್ಮ ಬಾಳನ್ನು ಬರೆಯುತ್ತಿದ್ದಾರೆ. ಈಶ್ವರ ಸಂವತ್ಸರದಲ್ಲಿ ಮುತ್ತಜ್ಜನವರು ಹಗೇವನ್ನು ತೆಗೆಸಿ, ಬಾಗಿಲಿಗೆ ಬಂದವರಿಗೆಲ್ಲ ಅಂಬಲಿ ಕಾಯಿಸಿ ಹಾಕಿದರು ಎಂಬುದು ಮನೆಯ ಮಾತು. ಮಕ್ಕಳಿಗೆ ಹೆಸರಿಡುವಾಗ, ಮದುವೆಯ ಮಾತುಕತೆ ನಡೆಯುವಾಗ, ಮಠದಲ್ಲಿ ಪರಿಚಯ ಹೇಳುವಾಗ ಈ ಮಾತು ಬಂದೇ ಬರುತ್ತದೆ. ಬರೆಯುವ ನಿಮಿತ್ತವಾಗಿ ಹಳೆಯ ಪೆಟ್ಟಿಗೆಯನ್ನು ತೆರೆದರೆ ಅದರಲ್ಲಿ ಐದಾರು ಕ್ರಯಪತ್ರಗಳು ಸಿಕ್ಕುತ್ತವೆ. ಎಲ್ಲವೂ ಈಶ್ವರ, ಬಹುಧಾನ್ಯ ಸಂವತ್ಸರಗಳವು. ಕೊಂಡವರು ಮುತ್ತಜ್ಜ. ಮಾರಿದವರು ಅದೇ ಊರಿನವರು. ಪ್ರತಿಫಲವಾಗಿ ಕೊಟ್ಟದ್ದು ರಾಗಿ, ಇಷ್ಟು ಕೊಳಗ ಎಂದು ಬರೆದಿದೆ.

ಅಂಬಲಿಯ ಕಥೆ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೆಳಗ್ಗೆ ಅಂಬಲಿ ಹಾಕಿದವರೇ ಸಂಜೆ ಪತ್ರ ಬರೆಸಿಕೊಂಡಿರಬಹುದು. ಆ ಕಾಲದ ಧರ್ಮದಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಆದರೆ ಬರೆಯುವವರು ಪತ್ರಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಅಂಬಲಿಯನ್ನು ಮಾತ್ರ ಬರೆದರೆ, ಅರಿಯದೆ ಮಾಡಿದ ತಪ್ಪು ಅರಿತು ಮಾಡಿದ ತಪ್ಪಾಗುತ್ತದೆ. ಮಾರಿದವರ ಮನೆತನಕ್ಕೂ ಒಂದು ನೆನಪು ಇರುತ್ತದೆ. ಆ ಮನೆಯ ಅಜ್ಜಿಯನ್ನು ಕೇಳಿದರೆ ಈಶ್ವರ ಸಂವತ್ಸರದ ಹೆಸರು ಅಲ್ಲಿಯೂ ಬರುತ್ತದೆ, ಬೇರೆ ಧ್ವನಿಯಲ್ಲಿ.

ವಚನಗಳ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇಂತಹ ಸಂದರ್ಭದಲ್ಲಿ ಮಾಡತಕ್ಕದ್ದೇನೆಂದು ಬೇರೆ ಹೇಳಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಗಳಿಂದ ತಾಳೆಯೋಲೆಗಳನ್ನು ಸಂಗ್ರಹಿಸಿ 1923ರಲ್ಲಿ "ವಚನಶಾಸ್ತ್ರಸಾರ"ದ ಮೊದಲ ಭಾಗವನ್ನು ಹೊರತಂದ ಮೇಲೆ, ಒಂದು ಕಟ್ಟಿನಲ್ಲಿ ಒಂದು ಪಾಠ, ಇನ್ನೊಂದು ಕಟ್ಟಿನಲ್ಲಿ ಇನ್ನೊಂದು ಪಾಠ, ಕೆಲವೆಡೆ ಅಂಕಿತವೇ ಬೇರೆ ಎಂಬ ಸಂಗತಿ ವಿದ್ವಾಂಸರಿಗೆ ದಿನನಿತ್ಯದ ಅನುಭವವಾಯಿತು. ಯೋಗ್ಯನಾದ ಸಂಪಾದಕನು ತನಗೆ ಹಿತವಾದ ಪಾಠವನ್ನಿಟ್ಟುಕೊಂಡು ಉಳಿದದ್ದನ್ನು ಸುಡುವುದಿಲ್ಲ. ಒಂದನ್ನು ಮೇಲೆ ಇಡುತ್ತಾನೆ, ಇನ್ನೊಂದನ್ನು ಅಡಿಯಲ್ಲಿ ಕೊಡುತ್ತಾನೆ, ಏಕೆ ಹಾಗೆ ಮಾಡಿದೆನೆಂದು ಹೇಳುತ್ತಾನೆ. ಮನೆಯ ನೆನಪು ಒಂದು ಪಾಠ. ಪತ್ರ ಇನ್ನೊಂದು ಪಾಠ. ನೆರೆಮನೆಯ ಮಾತು ಮೂರನೆಯದು. ಆತ್ಮಕಥನದ ಕರ್ತೃವೂ "ನಮ್ಮ ಮನೆಯಲ್ಲಿ ಹೀಗೆ ಹೇಳುತ್ತಾರೆ, ಪತ್ರಗಳಲ್ಲಿ ಹೀಗಿದೆ" ಎಂದು ಎರಡನ್ನೂ ಓದುಗರ ಮುಂದಿಡಬಹುದು. ಮಾರಿದವರ ಹೆಸರನ್ನು ಅಚ್ಚುಹಾಕುವ ಅಗತ್ಯ ಮಾತ್ರ ಇಲ್ಲ. ಮುತ್ತಜ್ಜನ ಕೀರ್ತಿಯನ್ನು ತೂಗಿ ನೋಡುವ ಹಕ್ಕು ಮೊಮ್ಮಗನಿಗೆ ಇದೆ. ನೆರೆಯವರ ಬಡತನವನ್ನು ಬಯಲಿಗೆಳೆಯುವ ಹಕ್ಕು ಇಲ್ಲ.

ಅದೇ ಹೊಲದ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೊಲವನ್ನು ಮಾರಿದವರೇ ಅದನ್ನು ಗೇಣಿಗೆ ಪಡೆದು ಉತ್ತು ಬಿತ್ತುವುದು ಸಾಮಾನ್ಯವಾಗಿತ್ತು. ತಲೆಮಾರುಗಳ ಮೇಲೆ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಗೇಣಿದಾರರು ನಮೂನೆ 7ನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಒಡೆಯರ ಮನೆಯ ಆತ್ಮಕಥನದಲ್ಲಿ ಅದು "ಜಮೀನು ಹೋದ ವರ್ಷ". ಗೇಣಿದಾರರ ಮನೆಯಲ್ಲಿ ಅದು "ಜಮೀನು ಬಂದ ವರ್ಷ". ಹಿಂದಿನ ಪತ್ರವನ್ನು ಕಂಡವರಿಗೆ ಅದು "ಜಮೀನು ಮರಳಿದ ವರ್ಷ"ವಾಗಿಯೂ ತೋರಬಹುದು. ಇದರ ನಡುವೆ 1954 ಮತ್ತು 1955ರ ಇನಾಂ ರದ್ದಿಯಾತಿ ಕಾನೂನುಗಳೂ ಬರುತ್ತವೆ. ಮೊದಲನೆಯದು ವೈಯಕ್ತಿಕ ಇನಾಮುಗಳನ್ನು, ಎರಡನೆಯದು ದೇವಸ್ಥಾನ, ಮಠ ಮುಂತಾದ ಧಾರ್ಮಿಕ ಇನಾಮುಗಳನ್ನು ತೆಗೆಯಿತು. ಮಠಗಳ ಭೂಮಿಯನ್ನು ಉತ್ತವರ ಬಾಳು ಮಠಗಳ ಚರಿತ್ರೆಯಲ್ಲಿ ಎಷ್ಟು ಬಂದಿದೆ ಎಂಬುದೂ ಕೇಳತಕ್ಕ ಪ್ರಶ್ನೆಯೇ. ಅಂದಿನ ಕಂದಾಯ ಸಚಿವರಾಗಿದ್ದ ಕಡಿದಾಳು ಮಂಜಪ್ಪನವರು ನೆರೆಯ ತೀರ್ಥಹಳ್ಳಿ ಸೀಮೆಯವರು. ಅವರ ಆತ್ಮಕಥನ "ನನಸಾಗದ ಕನಸು" ಈ ಸುಧಾರಣೆಗಳನ್ನು ಆಡಳಿತದ ಕಡೆಯಿಂದ ನೋಡಬಯಸುವವರಿಗೆ ಉಪಯುಕ್ತ.

ಹಾಗೆಂದು ದಾಖಲೆಯೆಲ್ಲ ಸತ್ಯ, ನೆನಪೆಲ್ಲ ಕಲ್ಪನೆ ಎಂದೂ ಭಾವಿಸತಕ್ಕದ್ದಲ್ಲ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು "ಯಶೋಧರಚರಿತೆ"ಯ ಜನ್ನ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಕಾವ್ಯವೆಂದು ಓದುತ್ತಾರೆ, ಚರಿತ್ರಕಾರರು ದಾಖಲೆಯೆಂದು ಓದುತ್ತಾರೆ. ಅದು ಎರಡೂ ಹೌದು. ಕಲ್ಲಿನ ಮೇಲಿದೆಯೆಂದ ಮಾತ್ರಕ್ಕೆ ದಾನಿಯ ಸ್ತುತಿ ಸ್ತುತಿಯಲ್ಲದೆ ಹೋಗುವುದಿಲ್ಲ. ಬ್ರಿಟಿಷರ ಕಾಗದಗಳೂ ಹೀಗೆಯೇ. 1830-31ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರ ಮನೆತನ ಸೇರಿತ್ತು. ಸರ್ಕಾರದ ಕಾಗದಗಳಲ್ಲಿ ಅವರು ದಂಗೆಕೋರರು. ಸೀಮೆಯ ಮಾತಿನಲ್ಲಿ ವೀರರು. ಅದೇ ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ 1833ರಲ್ಲಿ ಒಪ್ಪಿಸಿದ ವರದಿಯಲ್ಲಿ ಕಂದಾಯ ವಸೂಲಿಯ ಕಿರುಕುಳದ ವಿಷಯವೂ ಬರುತ್ತದೆ. "ನಮ್ಮ ಹಿರಿಯರು ನಾಯಕರ ಕಡೆ ಕತ್ತಿ ಹಿಡಿದವರು" ಎಂದು ಹೇಳಿಕೊಳ್ಳುವ ಮನೆಗಳು ತರೀಕೆರೆಯ ಸುತ್ತ ಇದ್ದರೆ, ಆ ಕತ್ತಿಯ ಹಿಂದೆ ಕಂದಾಯದ ಬಾಕಿ ಎಷ್ಟಿತ್ತು ಎಂದು ಕೇಳುವುದರಿಂದ ಹಿರಿಯರಿಗೆ ಅಗೌರವವೇನೂ ಆಗುವುದಿಲ್ಲ. ಲೂಯಿ ರೈಸ್ ಅವರ ಗೆಜೆಟಿಯರ್, 1927ರಿಂದ ಹೊರಬಂದ ಹಯವದನರಾಯರ ಗೆಜೆಟಿಯರ್ ಇವೆರಡನ್ನೂ ಅಗತ್ಯವಾಗಿ ನೋಡಬೇಕು. ಆದರೆ ಅವು ಕಚೇರಿಯ ಕಿಟಕಿಯಿಂದ ಕಂಡ ಊರುಗಳು.

ಅಜ್ಜಂಪುರದ ಅಮೃತಮಹಲ್ ಕಾವಲುಗಳನ್ನೇ ನೋಡಬಹುದು. ಕಾಗದಗಳಲ್ಲಿ ಸಿಕ್ಕುವುದು ರಾಸುಗಳ ಸಂಖ್ಯೆ, ಕಾವಲುಗಳ ವಿಸ್ತೀರ್ಣ, ಖರ್ಚು ಹೆಚ್ಚೆಂದು 1860ರಲ್ಲಿ ಹಿಂಡುಗಳನ್ನು ವಿಲೇವಾರಿ ಮಾಡಿ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಗಿ ಬಂದ ವಿವರ. ಆ ಹಿಂಡಿನ ಹಿಂದೆ ಮಳೆಯಲ್ಲಿ ನಡೆದ ಕಾವಲುಗಾರನ ಮನೆಯಲ್ಲಿ ಯಾರು ಏನು ಉಂಡರು ಎಂಬುದು ಅಲ್ಲಿಲ್ಲ. ಅದನ್ನು ಆ ಮನೆಯವರೇ ಬರೆಯಬೇಕು.

ಹೆಂಗಸರ ವಿಷಯದಲ್ಲಿ ಕೊರತೆ ಇನ್ನೂ ಹೆಚ್ಚು. ಪಹಣಿಯಲ್ಲಿ ಅಜ್ಜಿಯ ಹೆಸರಿಲ್ಲ, ವಂಶವೃಕ್ಷದಲ್ಲಿಯೂ ಹಲವು ಸಲ ಇಲ್ಲ. ಒಡವೆಯನ್ನು ಅಡವಿಟ್ಟ ಚೀಟಿ, ಮದುವೆಯ ಉಡುಗೊರೆಯ ಪಟ್ಟಿ, ತವರಿನಿಂದ ಬಂದ ಹಸುವಿನ ಮಾತು, ಬೀಸುವಾಗ ಹಾಡಿದ ಪದ, ಇವುಗಳಲ್ಲಿ ಆಕೆಯನ್ನು ಹುಡುಕಬೇಕು. ಕಡೂರು ಸೀಮೆಯ ಮದಗದ ಕೆರೆಯ ಹಾಡು ಕನ್ನಡನಾಡಿಗೆಲ್ಲ ಪರಿಚಿತ. ನೀರು ತುಂಬಿದ ಕೆರೆಯನ್ನು ಹಾಡಿ ಹೊಗಳುವ ಸೀಮೆ ಬತ್ತಿದ ಕೆರೆಯನ್ನು ಚೆನ್ನಾಗಿ ಕಂಡ ಸೀಮೆಯೇ ಆಗಿರಬೇಕು. ನೀರು ಹೊರುವ ಕೆಲಸ ಯಾರದಾಗಿತ್ತೆಂಬುದನ್ನು ನೆನೆದರೆ ಆ ಹಾಡು ಮನೆಯ ಚರಿತ್ರೆಯೊಳಕ್ಕೂ ಬರುತ್ತದೆ. ಇಂತಹುದನ್ನು ಕೇಳಿ ತಿಳಿಯುವಾಗ "ಅಜ್ಜಿ, ಆಗ ನಿಮ್ಮ ಬಾಳು ಹೇಗಿತ್ತು?" ಎಂದರೆ "ಏನಪ್ಪಾ, ಎಲ್ಲರ ಹಾಗೇ ಇತ್ತು" ಎಂಬ ಉತ್ತರ ಬರುತ್ತದೆ. "ಕೆರೆ ಒಣಗಿದಾಗ ನೀರು ಎಲ್ಲಿಂದ ತರುತ್ತಿದ್ದಿರಿ? ಎಷ್ಟು ಕೊಡ? ಜೊತೆಗೆ ಯಾರು ಬರುತ್ತಿದ್ದರು? ಆ ಬಾವಿಯಲ್ಲಿ ಎಲ್ಲರೂ ಸೇದುತ್ತಿದ್ದರೆ?" ಎಂದು ಕೇಳಬೇಕು. ಕಡೆಯ ಪ್ರಶ್ನೆಗೆ ಬರುವ ಉತ್ತರಕ್ಕೆ, ಕೆಲವೊಮ್ಮೆ ಉತ್ತರ ಬಾರದಿರುವುದಕ್ಕೆ, ಹೆಚ್ಚು ಗಮನ ಕೊಡಬೇಕು.

ಬರೆಯುವವರ ಸ್ವಂತ ನೆನಪಿಗೂ ಈ ಪರೀಕ್ಷೆ ತಪ್ಪದು. ವಿದ್ಯಾರ್ಥಿಯಾಗಿದ್ದಾಗ ಶಾಲೆ ಬಿಟ್ಟು ಮೆರವಣಿಗೆಯಲ್ಲಿ ಹೋದುದನ್ನು 1942ಕ್ಕೆ ಸೇರಿಸಿ ಹೇಳುವವರುಂಟು. ಮೈಸೂರು ಸಂಸ್ಥಾನದಲ್ಲಿ ಎರಡನೆಯ ಸಲವೂ ಶಾಲೆಗಳು ಖಾಲಿಯಾದವು: ಸ್ವಾತಂತ್ರ್ಯ ಬಂದ ಮೇಲೆ, 1947ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ "ಮೈಸೂರು ಚಲೋ" ಚಳವಳಿಯಲ್ಲಿ. ಕೂಗಿದ ಘೋಷಣೆ ಯಾವುದೆಂದು ನೆನಪಿಸಿಕೊಂಡರೆ ವರ್ಷ ಗೊತ್ತಾಗುತ್ತದೆ. ಬಾಲ್ಯದಲ್ಲಿ ಹತ್ತು ಪೈಸೆಗೆ ಬೆಲ್ಲ ತಂದೆನೆಂದು ಬರೆಯುವವರು 1957ರ ಏಪ್ರಿಲ್‌ಗೆ ಹಿಂದೆ ರೂಪಾಯಿಗೆ ಹದಿನಾರಾಣೆ ಎಂಬುದನ್ನು ಮರೆತಿರುತ್ತಾರೆ. ಇವು ಚಿಕ್ಕ ತಪ್ಪುಗಳು. ಆದರೆ ಚಿಕ್ಕದರಲ್ಲಿ ತಪ್ಪಿದವರನ್ನು ಓದುಗರು ದೊಡ್ಡದರಲ್ಲಿಯೂ ನಂಬುವುದಿಲ್ಲ. 1920ರ ದಶಕದಲ್ಲಿ ತಂದೆಗೆ ವಿದ್ಯಾರ್ಥಿವೇತನವೋ ಸರ್ಕಾರಿ ಉದ್ಯೋಗವೋ ದೊರೆತಿದ್ದರೆ ಅದನ್ನು ಅವರ ಪ್ರತಿಭೆಯೊಂದಕ್ಕೇ ಸಲ್ಲಿಸುವ ಮೊದಲು, ಹಿಂದುಳಿದ ಪಂಗಡಗಳ ಪ್ರಾತಿನಿಧ್ಯಕ್ಕಾಗಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಶಿಫಾರಸುಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಪ್ರತಿಭೆ ಅದಕ್ಕೆ ಹಿಂದೆಯೂ ಇದ್ದಿತು, ಬಾಗಿಲು ತೆರೆದದ್ದು ಆಗ.

ಇನ್ನು ಆಧಾರಗಳು ಇರುವ ಸ್ಥಳ. ಬೆಂಗಳೂರಿನ ರಾಜ್ಯ ಪತ್ರಾಗಾರ, ತಾಲ್ಲೂಕು ಕಚೇರಿಯ ದಾಖಲೆಕೋಣೆ, ಉಪನೋಂದಣಿ ಕಚೇರಿ ಇವು ಎಲ್ಲರಿಗೂ ತಿಳಿದವು. ಅಷ್ಟಾಗಿ ತಿಳಿಯದುದು ಶಾನುಭೋಗರ, ಪಟೇಲರ ಮನೆಗಳ ಅಟ್ಟ. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾನೂನಿನಿಂದ ರದ್ದಾಗಿ 1963ರಲ್ಲಿ ಅದು ಜಾರಿಗೆ ಬಂದಾಗ ಹಲವು ಕಾಗದಗಳು ಮನೆಗಳಲ್ಲಿಯೇ ಉಳಿದವು. ವರ್ತಕರ ಮನೆಗಳಲ್ಲಿ, ಮಠಗಳಲ್ಲಿ ಕಡತಗಳಿವೆ. ಹುಣಿಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದ ಈ ಪುಸ್ತಕಗಳಲ್ಲಿ ಸಾಲ, ದಾಸೋಹದ ಖರ್ಚು, ಜಾತ್ರೆಯ ಕಾಣಿಕೆ, ಬಂದುಹೋದವರ ಊರು ಎಲ್ಲವೂ ಇರಬಹುದು. ಬಳಪದ ಅಕ್ಷರ ಕೈ ತಾಗಿದರೆ ಅಳಿಸಿಹೋಗುತ್ತದೆ. ಕಡತ ಸಿಕ್ಕಿತೆಂಬ ಸಂತೋಷದಲ್ಲಿ ಧೂಳೆಂದು ಅದನ್ನು ಬಟ್ಟೆಯಿಂದ ಒರೆಸಿಬಿಟ್ಟರೆ ಒರೆಸಿದ್ದು ಧೂಳೋ ಲೆಕ್ಕವೋ ತಿಳಿಯದು. ಮಡಿಕೆಯನ್ನು ಮೆಲ್ಲನೆ ಬಿಡಿಸಿ, ಪುಟಕ್ಕೆ ಕೈ ತಗಲದಂತೆ ಓರೆ ಬೆಳಕಿನಲ್ಲಿಟ್ಟು, ಮೊದಲು ಛಾಯಾಚಿತ್ರ ತೆಗೆಸಿಕೊಂಡು, ಆಮೇಲೆ ಆ ಬಗೆಯ ಮೋಡಿ ಅಕ್ಷರವನ್ನು ಓದಬಲ್ಲ ಹಿರಿಯರ ಬಳಿಗೆ ಕೊಂಡೊಯ್ಯಬೇಕು. ಅಂತಹವರು ಈ ಮೂರು ತಾಲ್ಲೂಕುಗಳಲ್ಲಿ ಈಗ ಬಹಳ ಮಂದಿ ಉಳಿದಿಲ್ಲವಾದುದರಿಂದ ಮೊದಲ ಹತ್ತು ಪುಟಗಳನ್ನು ಬರೆಯುವುದಕ್ಕಿಂತಲೂ ಮುಂಚೆ ಈ ಕೆಲಸವನ್ನು ಮಾಡಿಕೊಳ್ಳುವುದು ಲೇಸು.